ಸ್ಯಾಫ್ ಕಪ್ ಗೆದ್ದರೆ ಏನು ಸಿಗುತ್ತೆ? ದಕ್ಷಿಣ ಏಷ್ಯಾದ ಫುಟ್‌ಬಾಲ್ ಟೂರ್ನಿಯ ಲೆಕ್ಕಾಚಾರ

ಸ್ಯಾಫ್ ಚಾಂಪಿಯನ್‌ಶಿಪ್ ಗೆದ್ದ ತಂಡ ಅದರಿಂದ ವಿಶ್ವಕಪ್‌ಗೆ ಹೋಗುವುದಿಲ್ಲ. ಏಷ್ಯನ್ ಕಪ್‌ಗೂ ಹೋಗುವುದಿಲ್ಲ. ಫಿಫಾ ರ‍್ಯಾಂಕಿಂಗ್‌ನಲ್ಲಿ ಸಿಗುವ ಅಂಕ ಕೂಡ ತೀರಾ ಕಡಿಮೆ. ಆದರೂ 2023ರ ಜುಲೈ 4ರ ರಾತ್ರಿ ಇದರ ಫೈನಲ್‌ಗೆ ಬೆಂಗಳೂರಿನ ಕಂಠೀರವ ಕ್ರೀಡಾಂಗಣ ಜನರಿಂದ ತುಂಬಿಹೋಗಿತ್ತು. 2013ರಲ್ಲಿ ಅಫ್ಘಾನಿಸ್ತಾನ ಇದೇ ಕಪ್ ಗೆದ್ದಾಗ ಕಾಬೂಲಿನ ಜನ ಬೀದಿಗಿಳಿದು ಕುಣಿದರು. 2003ರಲ್ಲಿ ಢಾಕಾದಲ್ಲಿ ಗೆದ್ದದ್ದೇ ಬಾಂಗ್ಲಾದೇಶದ ಪುರುಷರ ತಂಡಕ್ಕೆ ಸಿಕ್ಕ ಏಕೈಕ ಸ್ಯಾಫ್ ಕಪ್. ಅದರ ಮಾತು ಅಲ್ಲಿ ಇವತ್ತಿಗೂ ಬರುತ್ತದೆ.

ಮೇಲಕ್ಕೆ ಹೋಗುವ ದಾರಿಯೇ ಇಲ್ಲದ ಟೂರ್ನಿಗೆ ಇಷ್ಟೊಂದು ಆಸೆ ಯಾಕೆ? ನನಗೆ ಕಾಣುವ ಕಾರಣ ಇದು. ಭಾರತದ ಫುಟ್‌ಬಾಲ್ ಎಲ್ಲಿದೆ ಅಂತ ತಿಳಿಯಲು ಜಪಾನ್, ಇರಾನ್ ಜೊತೆ ಹೋಲಿಸಿದರೆ ಹೆಚ್ಚೇನೂ ಗೊತ್ತಾಗುವುದಿಲ್ಲ. ಅವರು ತುಂಬಾ ಮುಂದೆ ಹೋಗಿದ್ದಾರೆ. ನಮ್ಮಂಥದೇ ಹವಾಮಾನ, ನಮ್ಮಂಥದೇ ಮೈದಾನ, ನಮ್ಮಂಥದೇ ತೊಂದರೆ ಇರುವ ಪಕ್ಕದ ದೇಶ ಏನು ಮಾಡುತ್ತಿದೆ ಅಂತ ನೋಡಿದಾಗ ಸರಿಯಾದ ಅಳತೆ ಸಿಗುತ್ತದೆ. ಸ್ಯಾಫ್ ಇರುವುದು ಅದಕ್ಕಾಗಿ. ಆದರೆ ಅಳತೆ ಸರಿಯಾಗಬೇಕಾದರೆ ಎಲ್ಲ ದೇಶಗಳೂ ಬರಬೇಕು. ಪೂರ್ತಿ ಬಲದ ತಂಡ ತರಬೇಕು. ಟೂರ್ನಿ ಹೊತ್ತಿಗೆ ಸರಿಯಾಗಿ ನಡೆಯಬೇಕು. ಈ ಮೂರೂ ಕೂಡಿ ಬಂದದ್ದು ಅಪರೂಪ. ಯಾಕೆ ಅಂತ ಒಂದೊಂದಾಗಿ ನೋಡೋಣ.

ಯಾರು ನಡೆಸುತ್ತಾರೆ

ಜಗತ್ತಿನ ಫುಟ್‌ಬಾಲ್ ನೋಡಿಕೊಳ್ಳುವುದು ಫಿಫಾ. ಅದರ ಕೆಳಗೆ ಖಂಡಕ್ಕೊಂದರಂತೆ ಒಕ್ಕೂಟಗಳಿವೆ. ಏಷ್ಯಾದ ಒಕ್ಕೂಟಕ್ಕೆ ಎಎಫ್‌ಸಿ ಅಂತ ಹೆಸರು. ಅದರಲ್ಲಿ 47 ಸದಸ್ಯರಿದ್ದಾರೆ. ಒಂದು ಕಡೆ ಲೆಬನಾನ್, ಇನ್ನೊಂದು ಕಡೆ ಪೆಸಿಫಿಕ್ ಸಾಗರದ ಗುವಾಮ್. ಇಷ್ಟು ದೊಡ್ಡ ಜಾಗವನ್ನು ಒಂದೇ ಕಚೇರಿಯಿಂದ ನಡೆಸುವುದು ಕಷ್ಟ. ಹಾಗಾಗಿ ಪಶ್ಚಿಮ, ಮಧ್ಯ, ದಕ್ಷಿಣ, ಪೂರ್ವ, ಆಗ್ನೇಯ ಅಂತ ಐದು ವಲಯಗಳಾಗಿವೆ. ದಕ್ಷಿಣ ವಲಯದ್ದೇ ಸ್ಯಾಫ್, ಅಂದರೆ ದಕ್ಷಿಣ ಏಷ್ಯಾ ಫುಟ್‌ಬಾಲ್ ಫೆಡರೇಷನ್. 1997ರಲ್ಲಿ ಹುಟ್ಟಿತು. ಕಚೇರಿ ಢಾಕಾದಲ್ಲಿದೆ.

ಟೂರ್ನಿ ಮಾತ್ರ ಈ ಸಂಸ್ಥೆಗಿಂತ ಹಳೆಯದು. 1985ರಲ್ಲಿ ದಕ್ಷಿಣ ಏಷ್ಯಾ ದೇಶಗಳ ಒಕ್ಕೂಟ ಸಾರ್ಕ್ ಆದಾಗ ನೆರೆಹೊರೆಯ ದೇಶಗಳು ವ್ಯಾಪಾರ, ಓಡಾಟ, ಆಟ ಎಲ್ಲದರಲ್ಲೂ ಹತ್ತಿರ ಬರಲಿ ಎಂಬ ಆಸೆ ಇತ್ತು. ಅದೇ ಹುರುಪಿನಲ್ಲಿ 1993ರಲ್ಲಿ ಲಾಹೋರಿನಲ್ಲಿ ಸಾರ್ಕ್ ಗೋಲ್ಡ್ ಕಪ್ ನಡೆಯಿತು. ಬಂದಿದ್ದು ನಾಲ್ಕೇ ತಂಡ: ಭಾರತ, ಪಾಕಿಸ್ತಾನ, ಶ್ರೀಲಂಕಾ, ನೇಪಾಳ. ಫೈನಲ್ ಇರಲಿಲ್ಲ. ಎಲ್ಲರೂ ಎಲ್ಲರ ಜೊತೆ ಆಡಿದರು, ಜಾಸ್ತಿ ಅಂಕ ಪಡೆದ ಭಾರತ ಕಪ್ ಒಯ್ದಿತು. ಆಮೇಲೆ ಹೆಸರು ಕೆಲವು ಸಲ ಬದಲಾಗಿ ಸ್ಯಾಫ್ ಚಾಂಪಿಯನ್‌ಶಿಪ್ ಆಗಿ ನಿಂತಿತು. ಜನರ ಬಾಯಲ್ಲಿ ಸ್ಯಾಫ್ ಕಪ್.

ಸದ್ಯ ಏಳು ಸದಸ್ಯ ದೇಶಗಳು: ಭಾರತ, ಪಾಕಿಸ್ತಾನ, ಬಾಂಗ್ಲಾದೇಶ, ನೇಪಾಳ, ಶ್ರೀಲಂಕಾ, ಮಾಲ್ಡೀವ್ಸ್, ಭೂತಾನ್. ಅಫ್ಘಾನಿಸ್ತಾನವೂ 2005ರಿಂದ ಸದಸ್ಯನಾಗಿತ್ತು. 2015ರಲ್ಲಿ ಮಧ್ಯ ಏಷ್ಯಾದ ವಲಯ ಹುಟ್ಟಿದಾಗ ಅಲ್ಲಿಗೆ ಹೋಯಿತು. ಅಷ್ಟರಲ್ಲಿ ಒಂದು ಕಪ್ ಗೆದ್ದಿತ್ತು, ಎರಡು ಫೈನಲ್‌ನಲ್ಲಿ ಸೋತಿತ್ತು. ಆ ತಂಡದ ಎಷ್ಟೋ ಆಟಗಾರರು ಯುದ್ಧದಿಂದಾಗಿ ಊರು ಬಿಟ್ಟ ಕುಟುಂಬಗಳವರು, ಜರ್ಮನಿಯ ಸಣ್ಣ ಕ್ಲಬ್‌ಗಳಲ್ಲಿ ಆಡುತ್ತಿದ್ದವರು. ಕಠ್ಮಂಡುವಿನಲ್ಲಿ ಅವರು ಭಾರತವನ್ನು 2–0ಯಿಂದ ಸೋಲಿಸಿದಾಗ ಆ ದೇಶಕ್ಕೆ ಫುಟ್‌ಬಾಲ್‌ನಲ್ಲಿ ಮೊದಲ ಅಂತರರಾಷ್ಟ್ರೀಯ ಕಪ್ ಬಂತು. ಸೋತದ್ದು ನಮ್ಮ ತಂಡವಾದರೂ ಆ ಗೆಲುವು ನನಗೆ ಇಷ್ಟ.

ಒಂಬತ್ತು ಕಪ್, ಆದರೂ ಸುಲಭವಲ್ಲ

2023ರವರೆಗೆ 14 ಟೂರ್ನಿ ನಡೆದಿವೆ. ಭಾರತ 9 ಸಲ ಗೆದ್ದಿದೆ. 4 ಸಲ ಫೈನಲ್‌ನಲ್ಲಿ ಸೋತಿದೆ. ಮೊದಲ ಎರಡು ಸ್ಥಾನದಿಂದ ಹೊರಗುಳಿದದ್ದು ಒಂದೇ ಸಲ, 2003ರಲ್ಲಿ. ಮಾಲ್ಡೀವ್ಸ್ ಎರಡು ಕಪ್ ಗೆದ್ದಿದೆ. ಶ್ರೀಲಂಕಾ, ಬಾಂಗ್ಲಾದೇಶ, ಅಫ್ಘಾನಿಸ್ತಾನಕ್ಕೆ ಒಂದೊಂದು. ನೇಪಾಳ 2021ರಲ್ಲಿ ಮೊದಲ ಸಲ ಫೈನಲ್ ತಲುಪಿತು. ಪಾಕಿಸ್ತಾನ, ಭೂತಾನ್ ಇನ್ನೂ ಅಲ್ಲಿಗೆ ಬಂದಿಲ್ಲ.

ಈ ಪಟ್ಟಿ ನೋಡಿ ‘ಭಾರತಕ್ಕೆ ಇದು ಸುಮ್ನೆ ಒಂದು ಪಿಕ್ನಿಕ್’ ಅನ್ನುವವರಿದ್ದಾರೆ. ಅದು ತಪ್ಪು. ಮಾಲ್ಡೀವ್ಸ್ ನೋಡಿ. ಅಲ್ಲಿಯ ಜನಸಂಖ್ಯೆ 5 ಲಕ್ಷದ ಆಸುಪಾಸು. ನಮ್ಮ ಕರ್ನಾಟಕದ ಒಂದು ಸಾಧಾರಣ ಜಿಲ್ಲೆಗಿಂತಲೂ ಕಡಿಮೆ. ಆದರೆ ಅಲ್ಲಿ ಫುಟ್‌ಬಾಲೇ ಮೊದಲ ಆಟ. 2008ರಲ್ಲೂ 2018ರಲ್ಲೂ ಫೈನಲ್‌ನಲ್ಲಿ ಸೋಲಿಸಿದ್ದು ಭಾರತವನ್ನೇ. ಅವರ ಅಲಿ ಅಶ್ಫಾಕ್ 2013ರ ಒಂದೇ ಟೂರ್ನಿಯಲ್ಲಿ 10 ಗೋಲು ಹೊಡೆದರು. 140 ಕೋಟಿ ಜನರಿರುವ ದೇಶವೂ 5 ಲಕ್ಷ ಜನರಿರುವ ದೇಶವೂ ಒಂದೇ ಕಪ್‌ಗೆ ಸೆಣಸುವುದು, ಅದೂ ಸರಿಸಮವಾಗಿ ಸೆಣಸುವುದು, ಬೇರೆ ಎಷ್ಟು ಕಡೆ ಸಿಗುತ್ತದೆ?

ಗ್ರೂಪ್‌ನಲ್ಲಿ ಮೇಲೆ ಬರುವುದು ಹೇಗೆ

ಟೂರ್ನಿಯ ರೂಪ ಪ್ರತಿ ಸಲ ಒಂದೇ ಇರುವುದಿಲ್ಲ. ಸಾಮಾನ್ಯವಾಗಿ ಎರಡು ಗ್ರೂಪ್, ಪ್ರತಿ ಗ್ರೂಪ್‌ನಿಂದ ಎರಡು ತಂಡ ಸೆಮಿಫೈನಲ್‌ಗೆ, ಆಮೇಲೆ ಫೈನಲ್. 2021ರಲ್ಲಿ ಮಾಲ್ಡೀವ್ಸ್‌ನ ರಾಜಧಾನಿ ಮಾಲೆಯಲ್ಲಿ ಐದೇ ತಂಡ ಇದ್ದುದರಿಂದ ಎಲ್ಲರೂ ಎಲ್ಲರ ಜೊತೆ ಆಡಿ, ಮೊದಲೆರಡು ತಂಡಗಳು ನೇರ ಫೈನಲ್‌ಗೆ ಹೋದವು. ಗೆದ್ದರೆ 3 ಅಂಕ, ಡ್ರಾ ಆದರೆ 1. ಇಷ್ಟು ಎಲ್ಲರಿಗೂ ಗೊತ್ತು. ಅಂಕ ಸಮ ಆದಾಗ ಏನು ಮಾಡುತ್ತಾರೆ ಅನ್ನುವುದರಲ್ಲಿ ಸ್ವಾರಸ್ಯ ಇದೆ.

2023ರ ಬೆಂಗಳೂರಿನ ಟೂರ್ನಿಯನ್ನೇ ತೆಗೆದುಕೊಳ್ಳಿ. ಕುವೈತ್, ಲೆಬನಾನ್ ಆ ಸಲ ಹೊರಗಿನಿಂದ ಅತಿಥಿಗಳಾಗಿ ಬಂದಿದ್ದವು. ‘ಎ’ ಗ್ರೂಪ್‌ನಲ್ಲಿ ಭಾರತ, ಕುವೈತ್, ನೇಪಾಳ, ಪಾಕಿಸ್ತಾನ. ಭಾರತ ಪಾಕಿಸ್ತಾನವನ್ನು 4–0, ನೇಪಾಳವನ್ನು 2–0ಯಿಂದ ಸೋಲಿಸಿತು. ಕುವೈತ್ ನೇಪಾಳವನ್ನು 3–1, ಪಾಕಿಸ್ತಾನವನ್ನು 4–0ಯಿಂದ ಸೋಲಿಸಿತು. ಇಬ್ಬರಿಗೂ 6 ಅಂಕ. ಕೊನೆಗೆ ಇವರಿಬ್ಬರ ನಡುವೆ ಪಂದ್ಯ. ಸುನಿಲ್ ಚೆಟ್ರಿ ಗೋಲಿನಿಂದ ಭಾರತ ಮುಂದಿತ್ತು. ಹೆಚ್ಚುವರಿಯಾಗಿ ಕೊಟ್ಟ ಕೊನೆಯ ನಿಮಿಷಗಳಲ್ಲಿ ಚೆಂಡು ಅನ್ವರ್ ಅಲಿ ಕಾಲಿಗೆ ತಾಗಿ ನಮ್ಮದೇ ಗೋಲಿನೊಳಗೆ ಹೋಯಿತು. 1–1.

ಈಗ ಇಬ್ಬರಿಗೂ 7 ಅಂಕ. ಹೊಡೆದ ಗೋಲಿನಲ್ಲಿ ಬಿಟ್ಟುಕೊಟ್ಟದ್ದನ್ನು ಕಳೆದರೆ ಭಾರತಕ್ಕೆ 7ರಲ್ಲಿ 1 ಹೋಗಿ 6. ಕುವೈತ್‌ಗೆ 8ರಲ್ಲಿ 2 ಹೋಗಿ 6. ಅದೂ ಸಮ! ಹಾಗಾಗಿ ಯಾರು ಜಾಸ್ತಿ ಗೋಲು ಹೊಡೆದರು ಅಂತ ನೋಡಿದರು. ಕುವೈತ್ 8, ಭಾರತ 7. ಕುವೈತ್ ಗ್ರೂಪ್‌ನಲ್ಲಿ ಮೊದಲಾಯಿತು. ನೇಪಾಳದ ಮೇಲೆ ಇನ್ನೊಂದೆರಡು ಗೋಲು ಹೊಡೆದಿದ್ದರೆ ಭಾರತವೇ ಮೇಲಿರುತ್ತಿತ್ತು. ಗೆಲುವು ಖಚಿತವಾದ ಮೇಲೂ ತಂಡಗಳು ಗೋಲಿಗಾಗಿ ಓಡುವುದು ಇದೇ ಕಾರಣಕ್ಕೆ. ಎರಡನೇ ಸ್ಥಾನದ ಬೆಲೆಯನ್ನು ಭಾರತ ಸೆಮಿಫೈನಲ್‌ನಲ್ಲಿ ತೆತ್ತಿತು. ‘ಬಿ’ ಗ್ರೂಪ್‌ನಲ್ಲಿ ಮೂರಕ್ಕೆ ಮೂರೂ ಗೆದ್ದಿದ್ದ ಲೆಬನಾನ್ ಎದುರು ಬಂತು. ಕುವೈತ್‌ಗೆ ಬಾಂಗ್ಲಾದೇಶ ಸಿಕ್ಕಿತು.

2018ರಲ್ಲಿ ಢಾಕಾದಲ್ಲಿ ಇದಕ್ಕಿಂತ ವಿಚಿತ್ರವಾದದ್ದು ನಡೆಯಿತು. ಒಂದು ಗ್ರೂಪ್‌ನಲ್ಲಿ ಭಾರತ, ಶ್ರೀಲಂಕಾ, ಮಾಲ್ಡೀವ್ಸ್ ಮೂರೇ ತಂಡ. ಭಾರತ ಇಬ್ಬರನ್ನೂ 2–0ಯಿಂದ ಸೋಲಿಸಿತು. ಶ್ರೀಲಂಕಾ ಮತ್ತು ಮಾಲ್ಡೀವ್ಸ್ ನಡುವಿನ ಪಂದ್ಯ 0–0. ಅಂದರೆ ಇಬ್ಬರಿಗೂ 1 ಅಂಕ, ಇಬ್ಬರೂ ಹೊಡೆದದ್ದು ಸೊನ್ನೆ, ಇಬ್ಬರೂ ಬಿಟ್ಟುಕೊಟ್ಟದ್ದು ಎರಡು. ಯಾವ ಲೆಕ್ಕದಲ್ಲೂ ವ್ಯತ್ಯಾಸವಿಲ್ಲ. ಕೊನೆಗೆ ನಾಣ್ಯ ಚಿಮ್ಮಿದರು. ಮಾಲ್ಡೀವ್ಸ್‌ಗೆ ಅದೃಷ್ಟ ಒಲಿಯಿತು. ಗ್ರೂಪ್‌ನಲ್ಲಿ ಒಂದೂ ಗೋಲು ಹೊಡೆಯದ ತಂಡ ಸೆಮಿಫೈನಲ್‌ನಲ್ಲಿ ನೇಪಾಳವನ್ನು 3–0, ಫೈನಲ್‌ನಲ್ಲಿ ಭಾರತವನ್ನು 2–1ರಿಂದ ಸೋಲಿಸಿ ಕಪ್ ಎತ್ತಿತು. ಶ್ರೀಲಂಕಾದವರ ಸಂಕಟ ನೆನೆಸಿಕೊಳ್ಳಿ. ನಾಣ್ಯದ ಒಂದು ಮಗ್ಗುಲಿಗೆ ಅವರು ಮನೆಗೆ ಹೋದರು. ಮೂರು ತಂಡದ ಗ್ರೂಪ್ ಮಾಡಿದರೆ ಹೀಗಾಗುವ ಸಾಧ್ಯತೆ ಹೆಚ್ಚು, ಯಾಕೆಂದರೆ ತಂಡಕ್ಕೆ ಎರಡೇ ಪಂದ್ಯ. ಆ ಸಲ ಮೂರು ತಂಡದ ಗ್ರೂಪ್ ಯಾಕಾಯಿತು? ಅಫ್ಘಾನಿಸ್ತಾನ ಬಿಟ್ಟು ಹೋದ ಮೇಲೆ ಉಳಿದದ್ದು ಏಳು ತಂಡ. ಏಳನ್ನು ಎರಡು ಪಾಲು ಮಾಡಿದರೆ ನಾಲ್ಕು, ಮೂರು ತಾನೇ?

ರ‍್ಯಾಂಕಿಂಗ್ ಲೆಕ್ಕ

ಇಲ್ಲಿ ಸ್ವಲ್ಪ ಗಣಿತ ಇದೆ. ಹೆದರಬೇಡಿ, ಇದು ಅರ್ಥವಾದರೆ ದೊಡ್ಡ ತಂಡಗಳು ಸ್ಯಾಫ್ ಬಗ್ಗೆ ಯಾಕೆ ಅಷ್ಟು ಉತ್ಸಾಹ ತೋರುವುದಿಲ್ಲ ಅನ್ನುವುದೂ ಅರ್ಥವಾಗುತ್ತದೆ.

2018ರಿಂದ ಫಿಫಾ ಹೊಸ ವಿಧಾನ ತಂದಿದೆ. ಪ್ರತಿ ದೇಶಕ್ಕೂ ಇಷ್ಟು ಅಂಕ ಅಂತ ಇರುತ್ತದೆ. ಪಂದ್ಯ ಆಡಿದ ಮೇಲೆ ಆ ಅಂಕ ಏರುತ್ತದೆ ಅಥವಾ ಇಳಿಯುತ್ತದೆ. ಎಷ್ಟು ಅನ್ನುವುದು ಎರಡು ವಿಷಯದ ಮೇಲೆ ನಿಂತಿದೆ. ಮೊದಲನೆಯದು ಪಂದ್ಯದ ತೂಕ. ವಿಶ್ವಕಪ್‌ನ ಗ್ರೂಪ್ ಪಂದ್ಯಕ್ಕೆ 50. ಏಷ್ಯನ್ ಕಪ್‌ನ ಗ್ರೂಪ್ ಪಂದ್ಯಕ್ಕೆ 35. ಅರ್ಹತಾ ಸುತ್ತಿನ ಪಂದ್ಯಕ್ಕೆ 25. ಸ್ನೇಹ ಪಂದ್ಯಕ್ಕೆ 10, ಅದೂ ಫಿಫಾ ಗೊತ್ತು ಮಾಡಿದ ದಿನಗಳ ಒಳಗೆ ಆಡಿದರೆ ಮಾತ್ರ. ಆ ದಿನಗಳ ಹೊರಗೆ ಆಡಿದರೆ 5. ಸ್ಯಾಫ್‌ನಂಥ ವಲಯ ಟೂರ್ನಿಗಳು ಸ್ನೇಹ ಪಂದ್ಯದ ಸಾಲಿಗೇ ಬರುತ್ತವೆ. ಬೆಂಗಳೂರಿನ ಟೂರ್ನಿ ಶುರುವಾದದ್ದು 2023ರ ಜೂನ್ 21ಕ್ಕೆ. ಫಿಫಾ ದಿನಗಳು ಜೂನ್ 20ಕ್ಕೇ ಮುಗಿದಿದ್ದವು. ಅಂದರೆ ತೂಕ 5, ಎಲ್ಲಕ್ಕಿಂತ ಕಡಿಮೆ.

ಎರಡನೆಯದು ನಿರೀಕ್ಷೆ. ಎರಡು ತಂಡಗಳ ಅಂಕದ ಅಂತರ ನೋಡಿ, ಬಲವಾದ ತಂಡ ಗೆಲ್ಲುವ ಸಾಧ್ಯತೆ ಎಷ್ಟು ಅಂತ ಸೂತ್ರ ಹೇಳುತ್ತದೆ. ಅಂತರ 300 ಅಂಕ ಇದೆ ಅಂದುಕೊಳ್ಳಿ. ಆಗ ಬಲವಾದ ತಂಡದ ನಿರೀಕ್ಷೆ ಸುಮಾರು 0.76. ಗೆದ್ದರೆ ಫಲಿತಾಂಶಕ್ಕೆ 1, ಡ್ರಾ ಆದರೆ 0.5, ಸೋತರೆ 0. ಫಲಿತಾಂಶದಲ್ಲಿ ನಿರೀಕ್ಷೆ ಕಳೆದು, ಉಳಿದದ್ದನ್ನು ತೂಕದಿಂದ ಗುಣಿಸಬೇಕು. ಗೆದ್ದರೆ 0.24 ಉಳಿಯುತ್ತದೆ. 5ರಿಂದ ಗುಣಿಸಿದರೆ ಸಿಗುವುದು 1.2 ಅಂಕ. ಡ್ರಾ ಆದರೆ 1.3 ಅಂಕ ಹೋಗುತ್ತದೆ. ಸೋತರೆ 3.8 ಹೋಗುತ್ತದೆ.

ಗಮನಿಸಿದಿರಾ? ಒಂದು ಡ್ರಾ ಒಂದು ಗೆಲುವಿನ ಲಾಭವನ್ನು ಪೂರ್ತಿ ನುಂಗುತ್ತದೆ. ಒಂದು ಸೋಲು ಮೂರು ಗೆಲುವನ್ನು ನುಂಗುತ್ತದೆ. ಅದೇ ಗೆಲುವು ಅರ್ಹತಾ ಪಂದ್ಯದಲ್ಲಿ ಬಂದಿದ್ದರೆ 6 ಅಂಕ ಸಿಗುತ್ತಿತ್ತು. ದೊಡ್ಡ ತಂಡದ ಕೋಚ್‌ಗೆ ಇದು ಗೊತ್ತು. ಗಳಿಸುವುದು ಕಡಿಮೆ, ಕಳೆದುಕೊಳ್ಳುವುದು ಜಾಸ್ತಿ. ಚಿಕ್ಕ ತಂಡಕ್ಕೆ ಲೆಕ್ಕ ತಿರುಗಾಮುರುಗಾ. ಸೋತರೆ ಹೋಗುವುದು 1.2 ಮಾತ್ರ, ಗೆದ್ದರೆ 3.8 ಲಾಭ. ಭೂತಾನ್, ನೇಪಾಳಕ್ಕೆ ಸ್ಯಾಫ್ ಯಾಕೆ ಮುಖ್ಯ ಅನ್ನುವುದಕ್ಕೆ ಇದೂ ಒಂದು ಕಾರಣ.

ಪೆನಾಲ್ಟಿ ಶೂಟೌಟ್‌ಗೆ ಪ್ರತ್ಯೇಕ ನಿಯಮ. ಗೆದ್ದವರಿಗೆ 1 ಬದಲು 0.75, ಸೋತವರಿಗೆ 0 ಬದಲು 0.5. ಸರಿಸಮ ತಂಡಗಳಾದರೆ ಶೂಟೌಟ್‌ನಲ್ಲಿ ಸೋತವರು ಅಂಕವನ್ನೇ ಕಳೆದುಕೊಳ್ಳುವುದಿಲ್ಲ. ಫಿಫಾ ದೃಷ್ಟಿಯಲ್ಲಿ ಅದು ಹೆಚ್ಚೂ ಕಡಿಮೆ ಡ್ರಾ.

ಬರುವವರು, ಬಾರದವರು

2021ರಲ್ಲಿ ಪಾಕಿಸ್ತಾನ ಬರಲಿಲ್ಲ, ಫಿಫಾ ನಿಷೇಧ ಹಾಕಿತ್ತು. ಕೋವಿಡ್ ಕ್ವಾರಂಟೈನ್ ನಿಯಮದಿಂದಾಗಿ ಭೂತಾನ್ ಕೂಡ ಬರಲಿಲ್ಲ. 2023ರಲ್ಲಿ ಶ್ರೀಲಂಕಾ ಇಲ್ಲ, ಅದಕ್ಕೂ ಫಿಫಾ ನಿಷೇಧ. 2015ರಲ್ಲಿ ತಿರುವನಂತಪುರದಲ್ಲಿ ಟೂರ್ನಿ ನಡೆದಾಗ ಪಾಕಿಸ್ತಾನ ಹಿಂದೆ ಸರಿದಿತ್ತು.

ಫಿಫಾ ನಿಷೇಧ ಅಂದರೆ ಏನು? ದೇಶದ ಫುಟ್‌ಬಾಲ್ ಸಂಸ್ಥೆಯನ್ನು ಅದರ ಸದಸ್ಯರೇ ನಡೆಸಬೇಕು, ಸರ್ಕಾರವಾಗಲಿ ಕೋರ್ಟ್ ಆಗಲಿ ಹೊರಗಿನಿಂದ ಬಂದು ಕೂರಬಾರದು ಎಂಬುದು ಫಿಫಾ ನಿಯಮ. ಮೀರಿದರೆ ಆ ದೇಶದ ತಂಡ ಎಲ್ಲೂ ಆಡುವ ಹಾಗಿಲ್ಲ. ನಮಗೂ ಇದರ ಬಿಸಿ ತಟ್ಟಿದೆ. 2022ರ ಆಗಸ್ಟ್‌ನಲ್ಲಿ ಭಾರತದ ಸಂಸ್ಥೆಯನ್ನು ಸುಪ್ರೀಂ ಕೋರ್ಟ್ ನೇಮಿಸಿದ ಸಮಿತಿ ನೋಡಿಕೊಳ್ಳುತ್ತಿದ್ದಾಗ ಫಿಫಾ ನಿಷೇಧ ಹಾಕಿತು. ಸಮಿತಿ ರದ್ದಾದ ಮೇಲೆ, ತಿಂಗಳು ಮುಗಿಯುವುದರೊಳಗೆ ತೆಗೆಯಿತು. ನಿಯಮದ ಉದ್ದೇಶ ಒಳ್ಳೆಯದೇ ಇರಬಹುದು. ಆದರೆ ಕುರ್ಚಿಗಾಗಿ ಜಗಳ ಆಡುವವರು ಒಬ್ಬರು, ಶಿಕ್ಷೆ ಅನುಭವಿಸುವವರು ಆಟಗಾರರು. ಫುಟ್‌ಬಾಲಿಗನ ಒಳ್ಳೆಯ ವರ್ಷಗಳು ಹತ್ತು, ಹನ್ನೆರಡು ಇರಬಹುದು. ಅದರಲ್ಲಿ ಒಂದು ಟೂರ್ನಿ ತಪ್ಪಿದರೆ ಮತ್ತೆ ಸಿಗುವುದಿಲ್ಲ. ಇದು ಅನ್ಯಾಯ ಅಂತಲೇ ನಾನು ಹೇಳುತ್ತೇನೆ.

ಇನ್ನೊಂದು ತೊಡಕು ವೀಸಾ. 2023ರಲ್ಲಿ ಪಾಕಿಸ್ತಾನ ತಂಡ ಮಾರಿಷಸ್‌ನಲ್ಲಿ ಆಡುತ್ತಿತ್ತು. ಬೆಂಗಳೂರಿಗೆ ಬರಲು ವೀಸಾ ತಡವಾಯಿತು. ಕೊನೆಗೆ ಅವರು ಬಂದಿಳಿದದ್ದು ಭಾರತದ ವಿರುದ್ಧ ಪಂದ್ಯ ಇದ್ದ ದಿನವೇ. ಸರಿಯಾಗಿ ನಿದ್ದೆ ಇಲ್ಲ, ಮೈದಾನದಲ್ಲಿ ಅಭ್ಯಾಸ ಇಲ್ಲ. ಸಂಜೆ ಮಳೆಯಲ್ಲಿ ಆಡಿ 4–0ಯಿಂದ ಸೋತರು. ಚೆಟ್ರಿ ಮೂರು ಗೋಲು ಹೊಡೆದರು, ಉದಾಂತ ಸಿಂಗ್ ಒಂದು. ಭಾರತ ಹೇಗೂ ಗೆಲ್ಲುತ್ತಿತ್ತು ಅಂತ ನನಗನ್ನಿಸುತ್ತದೆ. ಆದರೆ ಆ 4–0 ಎರಡು ತಂಡಗಳ ನಿಜವಾದ ಅಂತರ ಅಂತ ಹೇಳಲು ಬರುವುದಿಲ್ಲ.

ಹಿಂದೆ ಹೀಗೆ ಇರಲಿಲ್ಲ ಅನ್ನುವುದನ್ನೂ ಹೇಳಬೇಕು. 2005ರ ಡಿಸೆಂಬರ್‌ನಲ್ಲಿ ಟೂರ್ನಿ ಕರಾಚಿಯಲ್ಲೇ ನಡೆಯಿತು. ಭೈಚುಂಗ್ ಭುಟಿಯಾ ನಾಯಕತ್ವದ ಭಾರತ ಅಲ್ಲಿ ಕಪ್ ಎತ್ತಿತು. ಅದೇ ವರ್ಷ ಜೂನ್‌ನಲ್ಲಿ ಕ್ವೆಟ್ಟಾದಲ್ಲಿ ಪಾಕಿಸ್ತಾನದ ವಿರುದ್ಧ ಆಡಿದ ಹುಡುಗನೊಬ್ಬ ಭಾರತಕ್ಕಾಗಿ ತನ್ನ ಮೊದಲ ಗೋಲು ಹೊಡೆದಿದ್ದ. ಆತನೇ ಸುನಿಲ್ ಚೆಟ್ರಿ. ಪಾಕಿಸ್ತಾನದ ನೆಲದಲ್ಲಿ ಭಾರತ ತಂಡ ಫುಟ್‌ಬಾಲ್ ಆಡುವುದನ್ನು ಇವತ್ತು ಊಹಿಸಿಕೊಳ್ಳುವುದೂ ಕಷ್ಟ, ಅಲ್ವಾ?

ತಂಡ ಕಡಿಮೆಯಾದಾಗ ಸ್ಯಾಫ್ ಕಂಡುಕೊಂಡ ದಾರಿ ಹೊರಗಿನವರನ್ನು ಕರೆಯುವುದು. 2023ರಲ್ಲಿ ಪಶ್ಚಿಮ ಏಷ್ಯಾದ ಕುವೈತ್ ಮತ್ತು ಲೆಬನಾನ್ ಅತಿಥಿಗಳಾಗಿ ಬಂದವು. ಎಂಟು ತಂಡ ಭರ್ತಿಯಾಯಿತು. ನೆರೆಯವರ ಕಪ್‌ಗೆ ದೂರದವರು ಯಾಕೆ ಅಂತ ಕೆಲವರು ಗೊಣಗಿದರು. ಮೇಲಿನ ಗಣಿತ ನೋಡಿದರೆ ಉತ್ತರ ಸಿಗುತ್ತದೆ. ಭಾರತಕ್ಕೆ ಬೇಕಾಗಿದ್ದದ್ದು ಸರಿಸಮದ ಎದುರಾಳಿ. ರ‍್ಯಾಂಕಿಂಗ್‌ನಲ್ಲಿ ಲೆಬನಾನ್ ಆಗ ಭಾರತದ ಆಸುಪಾಸಿನಲ್ಲೇ ಇತ್ತು. ಬಾಂಗ್ಲಾದೇಶಕ್ಕೂ ಲಾಭವಾಯಿತು. 2009ರ ನಂತರ ಮೊದಲ ಸಲ ಸೆಮಿಫೈನಲ್‌ಗೆ ಬಂದ ಅವರು ಕುವೈತ್‌ನಂಥ ತಂಡವನ್ನು 90 ನಿಮಿಷ ಗೋಲಿಲ್ಲದೆ ತಡೆದು ನಿಲ್ಲಿಸಿದರು. ಸೋತದ್ದು ಹೆಚ್ಚುವರಿ ಸಮಯದಲ್ಲಿ, ಒಂದೇ ಗೋಲಿನಿಂದ.

ಕಂಠೀರವದ ಫೈನಲ್

ಕಂಠೀರವ ಬೆಂಗಳೂರು ಎಫ್‌ಸಿಯ ತವರು ಮೈದಾನ. ಚೆಟ್ರಿಗೂ ಗೋಲ್‌ಕೀಪರ್ ಗುರ್‌ಪ್ರೀತ್ ಸಿಂಗ್ ಸಂಧುಗೂ ಇದು ಮನೆ ಅಂಗಳ. ಸೆಮಿಫೈನಲ್‌ನಲ್ಲಿ ಲೆಬನಾನ್ ಜೊತೆ 120 ನಿಮಿಷ ಆಡಿದರೂ ಗೋಲು ಬರಲಿಲ್ಲ. ಶೂಟೌಟ್‌ನಲ್ಲಿ ಭಾರತ 4–2ರಿಂದ ಗೆದ್ದಿತು. ಅವತ್ತು ಕೋಚ್ ಇಗೋರ್ ಸ್ಟಿಮಾಕ್ ಬೆಂಚಿನಲ್ಲಿ ಇರಲಿಲ್ಲ. ಪಾಕಿಸ್ತಾನದ ವಿರುದ್ಧ ಒಂದು, ಕುವೈತ್ ವಿರುದ್ಧ ಇನ್ನೊಂದು, ಹೀಗೆ ಎರಡು ಸಲ ರೆಡ್ ಕಾರ್ಡ್ ಪಡೆದಿದ್ದರು. ಅವರ ಜಾಗದಲ್ಲಿ ನಿಂತದ್ದು ಸಹಾಯಕ ಕೋಚ್ ಮಹೇಶ್ ಗಾವ್ಳಿ, 2005ರಲ್ಲಿ ಕರಾಚಿಯಲ್ಲಿ ಗೆದ್ದ ತಂಡದ ಡಿಫೆಂಡರ್.

ಫೈನಲ್‌ನಲ್ಲಿ ಮತ್ತೆ ಕುವೈತ್. 14ನೇ ನಿಮಿಷದಲ್ಲಿ ಶಬೈಬ್ ಅಲ್ ಖಾಲ್ದಿ ಗೋಲು ಹೊಡೆದರು. 39ನೇ ನಿಮಿಷದಲ್ಲಿ ಲಾಲಿಯಾನ್‌ಜುವಾಲಾ ಛಾಂಗ್ಟೆ ಸಮ ಮಾಡಿದರು. ಆಮೇಲೆ 120 ನಿಮಿಷ ಮುಗಿಯುವವರೆಗೂ ಯಾರಿಗೂ ದಾರಿ ಸಿಗಲಿಲ್ಲ. ಶೂಟೌಟ್‌ನಲ್ಲಿ ಇಬ್ಬರೂ ಒಂದೊಂದು ತಪ್ಪಿಸಿಕೊಂಡು, ಐದೈದು ಒದೆತ ಮುಗಿದಾಗ 4–4. ಅಲ್ಲಿಂದ ಮುಂದೆ ಒಬ್ಬರು ಹೊಡೆದು ಇನ್ನೊಬ್ಬರು ತಪ್ಪಿದರೆ ಆಟ ಮುಗಿದಂತೆ. ನವೋರೆಮ್ ಮಹೇಶ್ ಸಿಂಗ್ ಹೊಡೆದರು. ಕುವೈತ್ ನಾಯಕ ಖಾಲಿದ್ ಹಾಜಿಯಾ ಒದ್ದ ಚೆಂಡನ್ನು ಗುರ್‌ಪ್ರೀತ್ ಹಾರಿ ತಡೆದರು. 5–4. ಐದು ಗೋಲು ಹೊಡೆದ ಚೆಟ್ರಿ ಟೂರ್ನಿಯ ಶ್ರೇಷ್ಠ ಆಟಗಾರ.

ಆ ಜುಲೈನಲ್ಲಿ ಭಾರತ ಫಿಫಾ ರ‍್ಯಾಂಕಿಂಗ್‌ನಲ್ಲಿ 99ನೇ ಸ್ಥಾನಕ್ಕೆ ಬಂತು. ಎಲ್ಲರೂ ಹಿಗ್ಗಿದರು, ನಾನೂ ಹಿಗ್ಗಿದೆ. ಆದರೆ ಆರೇ ತಿಂಗಳಲ್ಲಿ ಕತಾರ್‌ನಲ್ಲಿ ಏಷ್ಯನ್ ಕಪ್ ನಡೆದಾಗ ಭಾರತ ಮೂರೂ ಪಂದ್ಯ ಸೋತಿತು. ಆಸ್ಟ್ರೇಲಿಯಾ, ಉಜ್ಬೇಕಿಸ್ತಾನ, ಸಿರಿಯಾ, ಯಾರ ಮೇಲೂ ಒಂದು ಗೋಲೂ ಬರಲಿಲ್ಲ. ಸ್ಯಾಫ್ ಹೇಳುವುದು ನೆರೆಹೊರೆಯಲ್ಲಿ ನಮ್ಮ ಜಾಗ ಎಲ್ಲಿ ಅಂತ. ಏಷ್ಯಾದಲ್ಲಿ ಎಲ್ಲಿ ಅಂತ ಹೇಳುವ ಶಕ್ತಿ ಅದಕ್ಕಿಲ್ಲ. ಅದನ್ನು ಅದರಿಂದ ಕೇಳಲೂಬಾರದು.

ಎರಡನೇ ತಂಡ ಕಳಿಸುವ ಚಾಳಿ

ಫಿಫಾ ಗೊತ್ತು ಮಾಡಿದ ದಿನಗಳಲ್ಲಿ ದೇಶ ಕರೆದರೆ ಕ್ಲಬ್‌ಗಳು ಆಟಗಾರರನ್ನು ಬಿಡಲೇಬೇಕು. ಆ ದಿನಗಳ ಹೊರಗಾದರೆ ಬಿಡುವುದೂ ಬಿಡದಿರುವುದೂ ಕ್ಲಬ್ಬಿನ ಇಷ್ಟ. ಎರಡು ವಾರದ ಟೂರ್ನಿ ಸುಮಾರು ಒಂಬತ್ತು ದಿನದ ಫಿಫಾ ಅವಧಿಯಲ್ಲಿ ಹಿಡಿಯುವುದಿಲ್ಲ. ಹಾಗಾಗಿ ಸ್ಯಾಫ್‌ಗೆ ಯಾವಾಗಲೂ ಈ ತಕರಾರು. 2023ರಲ್ಲಿ ಭಾರತದ ಕ್ಲಬ್ ಋತು ಮುಗಿದಿತ್ತು, ಪೂರ್ತಿ ತಂಡ ಸಿಕ್ಕಿತು. 2009ರಲ್ಲೂ 2018ರಲ್ಲೂ ಭಾರತ ಕಳಿಸಿದ್ದು 23ರೊಳಗಿನ ಹುಡುಗರ ತಂಡವನ್ನು. 2009ರಲ್ಲಿ ಆ ಹುಡುಗರೇ ಕಪ್ ತಂದರು ಅನ್ನುವುದು ನಿಜ. ಯುವಕರಿಗೆ ಅವಕಾಶ ಸಿಗಲಿ ಅನ್ನುವ ವಾದದಲ್ಲೂ ತಿರುಳಿದೆ. ಆದರೂ ನನಗೆ ಅದು ಒಪ್ಪಿಗೆಯಿಲ್ಲ. ಮಾಲ್ಡೀವ್ಸ್ ತನ್ನ ಶ್ರೇಷ್ಠ ಹನ್ನೊಂದು ಜನರನ್ನು ಕಳಿಸುತ್ತದೆ. ಎದುರಿನವರಿಗೂ ಆ ಗೌರವ ಸಿಗಬೇಕು.

ನೆರೆಯವರನ್ನು ಹಗುರವಾಗಿ ತೆಗೆದುಕೊಂಡರೆ ಏನಾಗುತ್ತದೆ ಅನ್ನುವುದು ಈಚೆಗೆ ಕಂಡಿದೆ. 2003ರ ಸ್ಯಾಫ್ ಸೆಮಿಫೈನಲ್‌ನಲ್ಲಿ ಬಾಂಗ್ಲಾದೇಶ ಭಾರತವನ್ನು 2–1ರಿಂದ ಸೋಲಿಸಿತ್ತು. ಆಗ ಗೋಲ್ಡನ್ ಗೋಲ್ ನಿಯಮ ಇತ್ತು. ಹೆಚ್ಚುವರಿ ಸಮಯದಲ್ಲಿ ಯಾರು ಮೊದಲು ಗೋಲು ಹೊಡೆದರೂ ಆಟ ಅಲ್ಲಿಗೇ ಮುಗಿಯುತ್ತಿತ್ತು. ಅದಾದ ಮೇಲೆ ಬಾಂಗ್ಲಾದೇಶ ಭಾರತವನ್ನು ಮತ್ತೆ ಸೋಲಿಸಲು 22 ವರ್ಷ ಹಿಡಿಯಿತು. 2025ರ ನವೆಂಬರ್ 18ರಂದು ಢಾಕಾದಲ್ಲಿ, ಏಷ್ಯನ್ ಕಪ್ ಅರ್ಹತಾ ಪಂದ್ಯದಲ್ಲಿ, ಶೇಖ್ ಮೊರ್ಸಾಲಿನ್ ಗೋಲಿನಿಂದ 1–0. ಆ ತಂಡದಲ್ಲಿ ಹಂಜಾ ಚೌಧುರಿ ಇದ್ದರು. ಇಂಗ್ಲೆಂಡಿನಲ್ಲಿ ಹುಟ್ಟಿ ಬೆಳೆದು, ಲೆಸ್ಟರ್ ಸಿಟಿಗೆ ಆಡಿದವರು. ಅಮ್ಮನ ಕಡೆಯಿಂದ ಬಾಂಗ್ಲಾದೇಶದ ನಂಟು. ಬಾಂಗ್ಲಾದೇಶದ ಕಾನೂನಿನಲ್ಲಿ ಇದಕ್ಕೆ ದಾರಿ ಇದೆ. ಭಾರತದಲ್ಲಿ ಎರಡು ಪೌರತ್ವಕ್ಕೆ ಅವಕಾಶ ಇಲ್ಲ. ಬೆಂಗಳೂರು ಎಫ್‌ಸಿಯ ರಯಾನ್ ವಿಲಿಯಮ್ಸ್ ಭಾರತಕ್ಕೆ ಆಡಲೆಂದು ಆಸ್ಟ್ರೇಲಿಯಾದ ಪೌರತ್ವವನ್ನೇ ಬಿಡಬೇಕಾಯಿತು. ಎಷ್ಟು ಜನ ಅಷ್ಟು ದೊಡ್ಡ ಹೆಜ್ಜೆ ಇಡುತ್ತಾರೆ?

ಆಗ್ನೇಯ ಏಷ್ಯಾದವರು ಇದೇ ತೊಡಕುಗಳ ನಡುವೆ ಬೇರೆ ದಾರಿ ಹಿಡಿದಿದ್ದಾರೆ. ಅವರ ವಲಯ ಕಪ್ 1996ರಲ್ಲಿ ಶುರುವಾಯಿತು, ಸ್ಯಾಫ್‌ಗಿಂತ ಮೂರು ವರ್ಷ ಚಿಕ್ಕದು. ಅಲ್ಲಿ ಒಂದೇ ಊರಿನಲ್ಲಿ ಎಲ್ಲ ಪಂದ್ಯ ಆಡಿ ಮುಗಿಸುವುದಿಲ್ಲ. ತವರಲ್ಲಿ, ಎದುರಾಳಿಯ ಊರಲ್ಲಿ ಅಂತ ಪಂದ್ಯಗಳು ಹಂಚಿಹೋಗುತ್ತವೆ. ಫೈನಲ್ ಕೂಡ ಎರಡು ಪಂದ್ಯ. ವಿಯೆಟ್ನಾಂ, ಥಾಯ್ಲೆಂಡ್, ಇಂಡೊನೇಷ್ಯಾದ ಜನ ತಮ್ಮೂರಿನ ಮೈದಾನದಲ್ಲೇ ತಮ್ಮ ತಂಡ ನೋಡುತ್ತಾರೆ. ಟಿಕೆಟ್, ಟಿವಿ, ಜಾಹೀರಾತು ಎಲ್ಲವೂ ಹೆಚ್ಚಿವೆ. ಸ್ಯಾಫ್ ಕೂಡ ಇದೇ ಮಾದರಿ ತರುವ ಮಾತಾಡಿದೆ. ಆದರೆ ಭಾರತ–ಪಾಕಿಸ್ತಾನ ಪಂದ್ಯವನ್ನು ಲಾಹೋರ್ ಮತ್ತು ಬೆಂಗಳೂರಲ್ಲಿ ಆಡಿಸುವುದು ಫುಟ್‌ಬಾಲ್ ಸಂಸ್ಥೆಗಳ ಕೈಯಲ್ಲಿರುವ ವಿಷಯವಲ್ಲ. ಅಂಥ ಪಂದ್ಯಕ್ಕೆ ಮೂರನೇ ದೇಶದ ಮೈದಾನ ಇಟ್ಟುಕೊಂಡು ಉಳಿದವನ್ನು ತವರಲ್ಲೇ ಆಡಿಸಬಹುದು. ಥಿಂಪುವಿನ ಎತ್ತರದಲ್ಲಿ, ಕಠ್ಮಂಡುವಿನ ದಶರಥ ರಂಗಶಾಲೆಯ ಗದ್ದಲದಲ್ಲಿ ಭಾರತ ಆಡಿ ಗೆಲ್ಲಬೇಕಾಗಿ ಬಂದರೆ ಕಪ್ಪಿನ ತೂಕವೇ ಬೇರೆಯಾಗುತ್ತದೆ.

ಮಹಿಳೆಯರ ಕಪ್

ಸ್ಯಾಫ್ ಮಹಿಳಾ ಚಾಂಪಿಯನ್‌ಶಿಪ್ 2010ರಲ್ಲಿ ಬಾಂಗ್ಲಾದೇಶದ ಕಾಕ್ಸ್ ಬಜಾರ್‌ನಲ್ಲಿ ಶುರುವಾಯಿತು. ಮೊದಲ ಐದೂ ಕಪ್ ಭಾರತಕ್ಕೆ. ಆಮೇಲೆ ಚಿತ್ರ ಬದಲಾಯಿತು. 2022ರಲ್ಲಿ ಕಠ್ಮಂಡುವಿನಲ್ಲಿ ಬಾಂಗ್ಲಾದೇಶ ಗ್ರೂಪ್ ಹಂತದಲ್ಲಿ ಭಾರತವನ್ನು 3–0ಯಿಂದ ಸೋಲಿಸಿತು. ಸೆಮಿಫೈನಲ್‌ನಲ್ಲಿ ನೇಪಾಳ ಭಾರತವನ್ನು ಹೊರಗೆ ಕಳಿಸಿತು. ಫೈನಲ್‌ನಲ್ಲಿ ಸಬಿನಾ ಖಾತುನ್ ನಾಯಕತ್ವದ ಬಾಂಗ್ಲಾದೇಶ ನೇಪಾಳವನ್ನು 3–1ರಿಂದ ಸೋಲಿಸಿತು. ಢಾಕಾಕ್ಕೆ ಮರಳಿದಾಗ ಅವರನ್ನು ತೆರೆದ ಬಸ್ಸಿನಲ್ಲಿ ಮೆರವಣಿಗೆ ಮಾಡಿದರು. ದಾರಿಯುದ್ದಕ್ಕೂ ಜನವೋ ಜನ.

ಆ ತಂಡದ ಹಲವು ಹುಡುಗಿಯರು ಒಂದೇ ಹಳ್ಳಿಯವರು. ಮೈಮನ್‌ಸಿಂಗ್ ಜಿಲ್ಲೆಯ ಕಲ್ಸಿಂದೂರ್. ಶಾಲೆಯ ಮೈದಾನದಲ್ಲಿ ಆಡಿ ಬೆಳೆದವರು. ಇನ್ನು ಕೆಲವರು ಚಿತ್ತಗಾಂಗ್ ಗುಡ್ಡಗಾಡಿನವರು. ಅಲ್ಲಿನವರೇ ಆದ ರಿತುಪರ್ಣಾ ಚಕ್ಮಾ 2024ರ ಫೈನಲ್‌ನಲ್ಲಿ ನೇಪಾಳದ ವಿರುದ್ಧ ಗೆಲುವಿನ ಗೋಲು ಹೊಡೆದರು. 2–1, ಸತತ ಎರಡನೇ ಕಪ್. ಮರುವರ್ಷ ಜುಲೈನಲ್ಲಿ ಏಷ್ಯನ್ ಕಪ್ ಅರ್ಹತಾ ಸುತ್ತಿಗೆ ಈ ತಂಡ ಮ್ಯಾನ್ಮಾರ್‌ಗೆ ಹೋಯಿತು. ಎದುರಿಗಿದ್ದದ್ದು ರ‍್ಯಾಂಕಿಂಗ್‌ನಲ್ಲಿ ಎಷ್ಟೋ ಮೇಲಿದ್ದ ಆತಿಥೇಯ ಮ್ಯಾನ್ಮಾರ್. ಬಾಂಗ್ಲಾದೇಶ 2–1ರಿಂದ ಗೆದ್ದಿತು. ಎರಡೂ ಗೋಲು ರಿತುಪರ್ಣಾ ಅವರದೇ. 2026ರ ಆಸ್ಟ್ರೇಲಿಯಾ ಏಷ್ಯನ್ ಕಪ್‌ಗೆ ಬಾಂಗ್ಲಾದೇಶದ ಮಹಿಳೆಯರು ಅರ್ಹತೆ ಪಡೆದರು, ತಮ್ಮ ಇತಿಹಾಸದಲ್ಲೇ ಮೊದಲ ಸಲ.